ಎಂಟೆಂಟ್ಲ ಅರವತ್ತಮೂರು

ನಾನು ಓದು ನಿಲ್ಲಿಸಿದ್ದು ೧೯೫೧ನೇ ಇಸವಿಯಲ್ಲಿ. ಏಳನೇ ಕ್ಲಾಸು, ಮದ್ದೂರಿನ ಶಾಲೆ, ಮಧ್ಯಾಹ್ನ ಊಟದ ಬೆಲ್ಲಾದ ಮೇಲಿನ ಮೊದಲನೇ ಪಿರಿಯಡ್ಡು. ಇಷ್ಟು ಕರಾರುವಾಕ್ಕಾಗಿ ಹೇಳುತ್ತಿದ್ದೇನೆ ಅಂದರೆ ನಾನು ಎಲ್ಲರ ಹಾಗೆ ವರ್ಷದ ಕೊನೆಗೆ ಮರ್ಯಾದೆಯಾಗಿ ನಿಲ್ಲಿಸಲಿಲ್ಲ, ಪಾಠದ ನಡುವೆ ಎದ್ದು ಓಡಿದೆ. ಯಾರಾದರೂ ಕೇಳಿದರೆ ಬಡತನ ಅಂತ ಹೇಳುತ್ತೇನೆ. ಕೇಳಿದವರು ಪಾಪ ಅನ್ನುತ್ತಾರೆ, ಒಂದು ಲೋಟ ಕಾಫಿಯೂ ಸಿಗುತ್ತದೆ. ನಿಜ ಹೇಳಬೇಕೆಂದರೆ ನಮ್ಮಪ್ಪನಿಗೆ ನಾಲೆ ನೀರಿನ ಗದ್ದೆಯಿತ್ತು, ಮನೆಯಲ್ಲಿ ಉಣ್ಣುವುದಕ್ಕೆ ಕೊರತೆಯಿರಲಿಲ್ಲ. ನಾನು ಓಡಿದ್ದು ಒಂದು ಅಕ್ಷರಕ್ಕೆ ಹೆದರಿ. ಆ ಅಕ್ಷರ ‘ಅ’.

ಅ ಅಂದರೆ ಅರಸ ಅಂತ ಕಲಿತವನು ನಾನು. ಅಂಥ ಅರಸನನ್ನು ಲೆಕ್ಕದ ಮೇಷ್ಟ್ರು ತಂದು ಕರೀ ಹಲಗೆಯ ಮೇಲೆ ಒಂದು ಚೌಕದ ಹೊಟ್ಟೆಯೊಳಗೆ ಕೂರಿಸಿ, “ಈ ಚೌಕದ ಒಂದೊಂದು ಬಾಹು ಎಂಟೆಂಟು ಗಜ. ಕ್ಷೇತ್ರಫಲ ಅ. ಹಾಗಾದರೆ ಅ ಎಷ್ಟೋ?” ಅಂದರು. ಅಕ್ಷರ ಎಷ್ಟು ಅಂತ ಕೇಳಿದರೆ ಯಾರಾದರೂ ಏನು ಹೇಳಬೇಕು? ಪಕ್ಕದವನು ಸ್ವಲ್ಪ ಹೊತ್ತಿನ ಮುಂಚೆ ಇನ್ಯಾವುದೋ ಲೆಕ್ಕಕ್ಕೆ ಅರವತ್ತಮೂರು ಅಂದು ಶಹಭಾಸ್ ಅನ್ನಿಸಿಕೊಂಡಿದ್ದ. ಒಬ್ಬನಿಗೆ ಒಳ್ಳೆಯದು ಮಾಡಿದ್ದು ಇನ್ನೊಬ್ಬನಿಗೂ ಮಾಡೀತು ಅಂತ ನಾನೂ “ಎಂಟೆಂಟ್ಲ ಅರವತ್ತಮೂರು” ಅಂದೆ. ಮೇಷ್ಟ್ರ ಕೈಯಲ್ಲಿ ವೃತ್ತ ಎಳೆಯುವ ಮರದ ಕೈವಾರವಿತ್ತು. ಅದರ ಒಂದು ಕಾಲು ನನ್ನ ತಲೆಯ ಮೇಲೆ ಬಿತ್ತು, ಇನ್ನೊಂದು ಕಾಲು ಏಳುವ ಹೊತ್ತಿಗೆ ನಾನು ಶಿಂಷಾ ನದಿಯ ದಂಡೆಯಲ್ಲಿದ್ದೆ. ಇದರಿಂದ ಆದ ನಷ್ಟವೇನೆಂದರೆ, ಸರಿಯಾದ ಉತ್ತರ ಯಾವುದು ಅಂತ ಕೇಳಿಸಿಕೊಳ್ಳುವುದಕ್ಕೆ ಮೊದಲೇ ನನ್ನ ವಿದ್ಯಾಭ್ಯಾಸ ಮುಗಿದುಹೋಗಿತ್ತು.

ಆಮೇಲೆ ಮಂಡ್ಯದಲ್ಲಿ ನಮ್ಮ ಸೋದರಮಾವನ ಹತ್ತಿರ ಗಾರೆ ಕೆಲಸ ಕಲಿತೆ. ಕಲ್ಲು ಹೊತ್ತೆ, ಮಣ್ಣು ತುಳಿದೆ, ಇಪ್ಪತ್ತೆರಡನೇ ವಯಸ್ಸಿಗೆ ಮೇಸ್ತ್ರಿ ಅನ್ನಿಸಿಕೊಂಡೆ. ಹೆಮ್ಮೆಗೆ ಹೇಳುತ್ತಿಲ್ಲ, ಅಥವಾ ಹೆಮ್ಮೆಗೇ ಅಂದುಕೊಳ್ಳಿ: ನಾನು ಎತ್ತಿದ ಗೋಡೆಗೆ ತೂಕದ ಗುಂಡು ಬಿಟ್ಟರೆ ದಾರಕ್ಕೂ ಗೋಡೆಗೂ ನಡುವೆ ಇರುವೆ ನುಸುಳುವುದಕ್ಕೆ ಯೋಚನೆ ಮಾಡಬೇಕು. ಅಳತೆಯೆಲ್ಲ ಕೈಯಲ್ಲಿತ್ತು, ಕಣ್ಣಲ್ಲಿತ್ತು. ಒಂದು ಗೋಡೆಗೆ ಎಷ್ಟು ಇಟ್ಟಿಗೆ ಅಂತ ನೋಡಿಯೇ ಹೇಳುತ್ತಿದ್ದೆ. ಗುಣಿಸಿ ಭಾಗಿಸುವ ಕರ್ಮ ಬರುತ್ತಿದ್ದದ್ದು ಒಂದೇ ಕಡೆ, ಆಯ ನೋಡುವಾಗ.

ನಮ್ಮ ಕಡೆ ಆಯ ನೋಡದೆ ಯಾರೂ ಪಾಯ ತೋಡಿಸುವುದಿಲ್ಲ. ಮನೆಯ ಒಳ ಅಳತೆಯ ಉದ್ದವನ್ನು ಅಗಲದಿಂದ ಗುಣಿಸಬೇಕು. ಬಂದದ್ದನ್ನು ಒಂಬತ್ತರಿಂದ ಗುಣಿಸಬೇಕು. ಅದನ್ನು ಎಂಟರಿಂದ ಭಾಗಿಸಬೇಕು. ಉಳಿದ ಶೇಷವೇ ಆ ಮನೆಯ ಆಯ. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ಎತ್ತು, ಏಳು ಆನೆ. ಇವು ನಾಲ್ಕೂ ಒಳ್ಳೆಯವು. ಎರಡು ಉಳಿದರೆ ಹೊಗೆ, ನಾಲ್ಕು ನಾಯಿ, ಆರು ಕತ್ತೆ, ಏನೂ ಉಳಿಯದಿದ್ದರೆ ಕಾಗೆ. ಇವು ಬಂದರೆ ಮನೆಗೆ ಕೇಡು, ಯಜಮಾನರಿಗೆ ಕೇಡು, ಕಟ್ಟಿದ ಮೇಸ್ತ್ರಿಗಂತೂ ಇನ್ನೊಂದು ಮನೆ ಸಿಗುವುದಿಲ್ಲ. ಜಗತ್ತಿನಲ್ಲಿ ಇಷ್ಟೊಂದು ಸಂಖ್ಯೆಗಳಿರುವಾಗ, ಎಂಟೆಂಟರಲ್ಲಿ ಪೆಟ್ಟು ತಿಂದು ಓಡಿದವನಿಗೆ ಎಂಟರಿಂದಲೇ ಭಾಗಿಸುವ ಕಸುಬು ಗಂಟುಬಿದ್ದದ್ದು ನೋಡಿ. ಪುಣ್ಯಕ್ಕೆ ಮಾವ ಒಂದು ನೋಟ್‌ಬುಕ್ಕು ಕೊಟ್ಟಿದ್ದ. ಅದರಲ್ಲಿ ಒಳ್ಳೆಯ ಆಯ ಬರುವ ಉದ್ದಗಲಗಳ ಜೋಡಿಗಳನ್ನು ಅವನೇ ಬರೆದಿಟ್ಟಿದ್ದ. ಗಿರಾಕಿಯ ಮುಂದೆ ಆ ಪುಸ್ತಕ ಬಿಚ್ಚಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಒಂದು ಜೋಡಿ ಹೇಳಿಬಿಡುತ್ತಿದ್ದೆ. ತುಟಿ ಅಲ್ಲಾಡಿಸುವುದನ್ನು ಮಾವ ಹೇಳಿಕೊಟ್ಟಿರಲಿಲ್ಲ, ಅದು ನನ್ನ ಸ್ವಂತದ್ದು.

ಹೀಗೆ ನಡೆಯುತ್ತಿದ್ದಾಗ, ಮೂರು ವರ್ಷದ ಹಿಂದೆ, ಮಳವಳ್ಳಿಯಿಂದ ಕರೆ ಬಂತು. ಹೆಣ್ಣುಮಕ್ಕಳ ಹೈಸ್ಕೂಲಿನ ಲಲಿತಮ್ಮ ಅನ್ನುವ ಟೀಚರು ಮನೆ ಕಟ್ಟಿಸಬೇಕಂತೆ. ಅವರ ತಂದೆ ಶಿವನಸಮುದ್ರದ ಕರೆಂಟ್ ಸ್ಟೇಷನ್ನಿನಲ್ಲಿ ಗುಮಾಸ್ತರಾಗಿದ್ದವರು, ತೀರಿಕೊಂಡಿದ್ದರು. ತಾಯಿ ಮಗಳು ಇಬ್ಬರೇ. ತಾಯಿಗೆ ಎಪ್ಪತ್ತರ ಮೇಲೆ, ಮೇಲಾಗಿ ದಮ್ಮು. ನಾನು ನಿವೇಶನ ನೋಡಲು ಹೋದ ದಿನವೇ ಆ ಅಜ್ಜಮ್ಮ, “ನೋಡಪ್ಪಾ, ಜೀವಮಾನವೆಲ್ಲ ಕ್ವಾರ್ಟರ್ಸಿನಲ್ಲಿ, ಬಾಡಿಗೆ ಮನೆಯಲ್ಲಿ ಕಳೆದೆ. ಸ್ವಂತ ಮನೆಯಲ್ಲಿ ನಾಲ್ಕು ದಿನ ಇದ್ದು ಕಣ್ಣು ಮುಚ್ಚಿದರೆ ಸಾಕು. ಆಯ ಮಾತ್ರ ಸರಿಯಾಗಿರಲಿ” ಅಂದರು. ನಾನು ಎದೆ ಉಬ್ಬಿಸಿ ಹೂಂಗುಟ್ಟಿದೆ. ಟೀಚರಮ್ಮ ಏನು ಪಾಠ ಮಾಡುತ್ತಾರೆ ಅಂತ ಹೊರಡುವಾಗ ಕೇಳಿದೆ. “ಲೆಕ್ಕ” ಅಂದರು. ಉಬ್ಬಿದ ಎದೆ ಅಲ್ಲೇ ಇಳಿಯಿತು.

ಪಾಯದ ಗುರುತು ಹಾಕುವ ದಿನ ಮೂಲೆ ನೇರ ಮಾಡುತ್ತಿದ್ದೆ. ಹಗ್ಗದಲ್ಲಿ ಮೂರು ಅಡಿಗೆ ಒಂದು ಗಂಟು, ಅಲ್ಲಿಂದ ನಾಲ್ಕು ಅಡಿಗೆ ಇನ್ನೊಂದು, ಅಲ್ಲಿಂದ ಐದು ಅಡಿಗೆ ಮತ್ತೊಂದು. ಮೂರು ಗೂಟಕ್ಕೆ ಬಿಗಿದರೆ ಮೂಲೆ ತಾನಾಗಿ ನಿಲ್ಲುತ್ತದೆ. ಟೀಚರಮ್ಮ ಕೊಡೆ ಮಡಿಸಿ ಹತ್ತಿರ ಬಂದು, “ಅಯ್ಯೋ ಮೇಸ್ತ್ರಿ, ಇದನ್ನೇ ನಮ್ಮ ಹುಡುಗಿಯರಿಗೆ ಒಂದು ತಿಂಗಳಿಂದ ಹೇಳ್ತಿದೀನಿ. ರೇಖಾಗಣಿತ ಇಷ್ಟು ಚೆನ್ನಾಗಿ ಯಾರು ಕಲಿಸಿದರು ನಿಮಗೆ?” ಅಂದರು. ರೇಖಾಗಣಿತ! ಇಷ್ಟು ವರ್ಷ ನನಗೆ ಗೊತ್ತಿಲ್ಲದೆ ಆ ಪಾಪ ಮಾಡಿದ್ದೇನೆ ಅಂತ ಬೆನ್ನಲ್ಲಿ ಚಳಿ ಹುಟ್ಟಿತು. ಆದರೂ ಹೊಗಳಿಕೆ ಹೊಗಳಿಕೆಯೇ. ಅದು ತಲೆಗೆ ಏರಿತು, ಆಗಬಾರದ್ದು ಆಯಿತು.

ಆ ನಿವೇಶನದ ಅಳತೆ ಮಾವನ ಪುಸ್ತಕದ ಯಾವ ಜೋಡಿಗೂ ಒಗ್ಗಲಿಲ್ಲ. ಅಕ್ಕಪಕ್ಕದವರ ಗೋಡೆಗಳ ನಡುವೆ ಒಳ ಅಗಲ ಇಪ್ಪತ್ತೆರಡು ಅಡಿ ಸಿಗುತ್ತಿತ್ತು, ಉದ್ದ ಇಪ್ಪತ್ತೇಳು. ಇಪ್ಪತ್ತೆರಡರಲ್ಲಿ ಒಂದಂಗುಲವನ್ನೂ ಬಿಡಬೇಡಿ ಅಂತ ಟೀಚರಮ್ಮನ ಕಟ್ಟಪ್ಪಣೆ. ನಾನೇ ಲೆಕ್ಕ ಹಾಕಬೇಕಾಯಿತು. ನಾನು ಸೀಸದಕಡ್ಡಿ ನೆಕ್ಕುವುದನ್ನು ನೋಡಿ ಅವರು, “ಕೊಡಿ ಮೇಸ್ತ್ರಿ, ನಾನು ಗುಣಿಸಿ ಕೊಡ್ತೀನಿ” ಅಂತ ಕೈ ಚಾಚಿದರು. ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಕಾಗದವನ್ನು ಎದೆಗೆ ಒತ್ತಿಕೊಂಡು, “ಇದು ಸಾಸ್ತ್ರದ ಲೆಕ್ಕ ಕಣ್ರಮ್ಮ, ಇಸ್ಕೂಲ್ ಲೆಕ್ಕ ಅಲ್ಲ. ಎಂಗೆಂಗೋ ಮುಟ್ಟಂಗಿಲ್ಲ” ಅಂದೆ. ಮರೆಯಲ್ಲಿ ಕೂತು ಗುಣಿಸಿದೆ: ಐನೂರ ತೊಂಬತ್ತನಾಲ್ಕು. ಒಂಬತ್ತರಿಂದ ಗುಣಿಸಿದೆ: ಐದು ಸಾವಿರದ ಮುನ್ನೂರ ನಲವತ್ತಾರು. ಎಂಟರಿಂದ ಭಾಗಿಸುತ್ತಾ ಬಂದರೆ ಕೊನೆಗೆ ಅರವತ್ತಾರು ನಿಂತಿತು. ಎಂಟೆಂಟ್ಲ ಅರವತ್ತಮೂರು, ಕಳೆದರೆ ಮೂರು. “ಸಿಂಹ! ಸಿಂಹಾಯ ಬಂತು!” ಅಂತ ಕೂಗಿದೆ. ಅಜ್ಜಮ್ಮ ಕೂತಲ್ಲಿಂದಲೇ ಕೈ ಮುಗಿದರು.

ಗೋಡೆ ಎದ್ದಿತು, ತೊಲೆ ಕೂತಿತು, ಮಂಗಳೂರು ಹೆಂಚು ಹೊದಿಸಿದ್ದೂ ಆಯಿತು. ನಿವೇಶನದ ಹಿಂದೆ ಒಂದು ಪ್ರೈಮರಿ ಶಾಲೆಯಿತ್ತು. ಒಂದು ಬೆಳಿಗ್ಗೆ ನಾನು ಪಡಸಾಲೆಯ ಗೋಡೆಗೆ ಗಾರೆ ಬಳಿಯುತ್ತಿದ್ದೆ. ಕಿಟಕಿಯಿಂದ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು. ರಾಗವಾಗಿ ಚೆನ್ನಾಗಿತ್ತು, ನಾನೂ ರಾಗಕ್ಕೆ ಸರಿಯಾಗಿ ಕರಣೆ ಆಡಿಸುತ್ತಿದ್ದೆ. “ಎಂಟೇಳ್ಲ ಐವತ್ತಾರು... ಎಂಟೆಂಟ್ಲ ಅರವತ್ನಾಲ್ಕು...” ಅಂದರು. ನಲವತ್ತು ಮಕ್ಕಳು, ಒಂದೇ ಗಂಟಲಲ್ಲಿ. ನನ್ನ ಕರಣೆ ಗೋಡೆಯ ಮೇಲೇ ನಿಂತುಬಿಟ್ಟಿತು. ಒಬ್ಬ ತಪ್ಪಬಹುದು, ನಲವತ್ತು ಜನ ಹೇಗೆ ತಪ್ಪುತ್ತಾರೆ? ಸಿಮೆಂಟ್ ಚೀಲದ ಹಿಂದೆ ಕುಕ್ಕರುಗಾಲಲ್ಲಿ ಕೂತು, ಇದ್ದಿಲಿನಲ್ಲಿ ನೆಲದ ಮೇಲೆ ಮತ್ತೆ ಭಾಗಿಸಿದೆ. ಅರವತ್ತಾರರಲ್ಲಿ ಅರವತ್ನಾಲ್ಕು ಹೋದರೆ ಎರಡು. ಎರಡು ಅಂದರೆ ಹೊಗೆ. ಧೂಮಾಯ. ಹೊರಗೆ ಚಪ್ಪರದ ಕೆಳಗೆ ಕೂತಿದ್ದ ಅಜ್ಜಮ್ಮ ಅದೇ ಹೊತ್ತಿಗೆ ಕೆಮ್ಮಿದರು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ನೀವು ಯಾವತ್ತಾದರೂ ಹೊಗೆಗೆ ಹೆದರಿಕೊಂಡು ನಮ್ಮ ಸೀಮೆಯಲ್ಲಿ ಬಾಳಿ ನೋಡಿ. ಸುಗ್ಗಿ ಕಾಲ ಬೇರೆ. ದಾರಿಯುದ್ದಕ್ಕೂ ಆಲೆಮನೆಗಳು, ಒಂದೊಂದರ ನೆತ್ತಿಯ ಮೇಲೂ ಹೊಗೆ. ಕಬ್ಬು ಕಡಿದ ಗದ್ದೆಗಳಲ್ಲಿ ತರಗಿಗೆ ಬೆಂಕಿ ಇಟ್ಟಿರುತ್ತಾರೆ, ಅದರ ಹೊಗೆ. ನಾನು ದಿನಾ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಪ್ರೈವೇಟು ಬಸ್ಸು ಏರು ಸಿಕ್ಕಿದಾಗಲೆಲ್ಲ ಒಂದು ಮದುವೆಮನೆಗಾಗುವಷ್ಟು ಹೊಗೆ ಬಿಡುತ್ತಿತ್ತು. ಪಕ್ಕದಲ್ಲಿ ಕೂತವನು ಬೀಡಿ ಹಚ್ಚಿದರೆ ನನಗೆ ಅಜ್ಜಮ್ಮನ ಕೆಮ್ಮು ಕೇಳಿಸುತ್ತಿತ್ತು. ಮಳವಳ್ಳಿಯಲ್ಲಿ ಇಳಿದವನು ಮೊದಲು ನೋಡುತ್ತಿದ್ದದ್ದು ಆಕೆ ಚಪ್ಪರದ ಕೆಳಗೆ ಕೂತಿದ್ದಾರೋ ಇಲ್ಲವೋ ಅಂತ. ಕೂತಿದ್ದರೆ ಉಸಿರು ಬರುತ್ತಿತ್ತು. ಆಕೆಯೋ, ನನ್ನನ್ನು ಕಂಡ ಕೂಡಲೇ, “ಗೃಹಪ್ರವೇಶದವರೆಗೆ ಇರ್ತೀನಿ ಅಲ್ಲವೇನಪ್ಪಾ ಮೇಸ್ತ್ರಿ?” ಅಂತ ನಗುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವನು ನಾನೇ ಅಂತ ಆಕೆಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಮನೆಯಲ್ಲಿ ನನ್ನ ಹೆಂಡತಿ ಸಾಕಮ್ಮ ಒಲೆ ಹಚ್ಚಿದರೆ ನಾನು ಎದ್ದು ಬೀದಿಗೆ ಹೋಗುತ್ತಿದ್ದೆ. ನಾಲ್ಕು ದಿನ ನೋಡಿದಳು. ಐದನೇ ದಿನ ಊದುಗೊಳವೆ ಹಿಡಿದೇ ಬಾಗಿಲಿಗೆ ಬಂದು, “ಅದ್ಯಾಕಂಗೆ ಒಗೆ ಕಂಡ್ರೆ ಬೆಚ್ಚಿ ಬೀಳ್ತೀರಿ? ಒಲೆ ಅಚ್ಚದೆ ಇಟ್ಟು ತೊಳ್ಸಕ್ಕಾಯ್ತದಾ?” ಅಂದಳು. ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು, ಹೊಗೆಯಿಂದ ಅಂತ ಒರೆಸಿಕೊಂಡೆ.

“ಓಗಿ ಆಯಮ್ಮಂಗೆ ಯೋಳ್ಬುಡಿ.”

“ಯೋಳುದ್ರೆ ಮರ್ವಾದೆ ಓಯ್ತದೆ ಕಣಮ್ಮಿ.”

“ಓದ್ರೆ ಇನ್ನೊಂದು ಕಟ್ಕಳಿ. ಗ್ವಾಡೆ ಕಟ್ಟೋರಲ್ವಾ ನೀವು?”

ಅವಳು ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಒಂದೇ ಮಾತು, ಗೋಡೆ. ಇಪ್ಪತ್ತೆರಡು ಅಡಿಯ ಅಗಲವನ್ನು ಇಪ್ಪತ್ತೊಂದು ಮಾಡಿದರೆ ಹೇಗೆ ಅಂತ ಹೊಳೆಯಿತು. ಸರಿಯಾದ ಮಗ್ಗಿ ಹಿಡಿದು ಮೂರು ಸಲ ಲೆಕ್ಕ ಹಾಕಿದೆ. ಭಾಗಾಕಾರದ ಕೊನೆಗೆ ಅದೇ ಹಾಳು ಅರವತ್ತಮೂರು ಎದುರಿಗೆ ಬಂದು ನಿಂತು ಎದೆ ಝಲ್ಲೆಂದಿತು. ಆದರೆ ಎಂಟೇಳ್ಲ ಐವತ್ತಾರು ಕಳೆದರೆ ಏಳು ಉಳಿಯಿತು. ಆನೆ. ಮಾರನೇ ದಿನವೇ ಪಡುವಣ ಗೋಡೆಗೆ ಒತ್ತಿ ಒಳಗಿನಿಂದ ಇನ್ನೊಂದು ಗೋಡೆ ಎಬ್ಬಿಸತೊಡಗಿದೆ. ಒಂದು ಅಡಿ ದಪ್ಪ, ಇಪ್ಪತ್ತೇಳು ಅಡಿ ಉದ್ದ, ನೆಲದಿಂದ ಸೂರಿನವರೆಗೆ. ಸುಮ್ಮನೆ ಕಟ್ಟಿದರೆ ಅನುಮಾನ ಬಂದೀತು ಅಂತ ನಡುನಡುವೆ ಗೂಡು ಬಿಟ್ಟೆ. ಪಡಸಾಲೆಯಲ್ಲಿ ಪುಸ್ತಕಕ್ಕೆ, ಅಡುಗೆಮನೆಯಲ್ಲಿ ಡಬ್ಬಕ್ಕೆ. ಇಟ್ಟಿಗೆಯೂ ಸಿಮೆಂಟೂ ನನ್ನದೇ ಅಂತ ಬೇರೆ ಹೇಳಬೇಕಾಗಿಲ್ಲ. ಟೀಚರಮ್ಮ ಸಾಯಂಕಾಲ ಶಾಲೆಯಿಂದ ಬಂದು ಗೋಡೆಯ ದಪ್ಪವನ್ನು ಗೇಣಿನಲ್ಲಿ ಅಳೆದರು.

“ಇದೇನು ಮೇಸ್ತ್ರಿ?”

“ಪುಸ್ತಕದ ಗೂಡು ಕಣ್ರಮ್ಮ. ಓದೋರ ಮನೆ ಅಲ್ವಾ.”

“ನನ್ನ ಹತ್ತಿರ ಇರೋದು ಮೂವತ್ತು ಪುಸ್ತಕ. ಇದರಲ್ಲಿ ಮೂರು ಸಾವಿರ ಹಿಡಿಸುತ್ತೆ.”

“ಮುಂದೆ ತಕ್ಕಬೋದು.”

“ಸರಿಯಾಗಿ ಒಂದು ಅಡಿ ಯಾಕೆ? ಪುಸ್ತಕಕ್ಕೆ ಮುಕ್ಕಾಲಡಿ ಸಾಕಲ್ಲ?”

ಲೆಕ್ಕದ ಟೀಚರಿಗೆ ಸುಳ್ಳು ಹೇಳುವುದು ಬಾವಿಗೆ ಬಿದ್ದವನು ಹಗ್ಗ ಕೊಯ್ದುಕೊಂಡ ಹಾಗೆ. ಕರಣೆ ಕೆಳಗಿಟ್ಟು, ಹೊರಗೆ ಚಪ್ಪರದಲ್ಲಿದ್ದ ಅಜ್ಜಮ್ಮನಿಗೆ ಕೇಳದ ಹಾಗೆ, ಮದ್ದೂರಿನ ಚೌಕದಿಂದ ಹಿಡಿದು ಹೊಗೆಯವರೆಗೆ ಎಲ್ಲವನ್ನೂ ಒದರಿಬಿಟ್ಟೆ. “ನಿಮ್ಮವ್ವಾರ್ಗೆ ಏನಾರ ಆದ್ರೆ ನನ್ ಕೈಯಿಂದ್ಲೇ ಆದಂಗೆ ಕಣ್ರಮ್ಮ” ಅಂದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಇಟ್ಟಿಗೆ ರಾಶಿಯಿಂದ ಒಂಬತ್ತು ಇಟ್ಟಿಗೆ ಎತ್ತಿ ಸಾಲಾಗಿ ಜೋಡಿಸಿದರು.

“ಉದ್ದ ಅಗಲ ಗುಣಿಸಿದರೆ ಏನೋ ಒಂದು ಬರುತ್ತಲ್ಲ, ಅದೇ ಒಂದು ಇಟ್ಟಿಗೆ ಅನ್ಕೊಳ್ಳಿ. ಅದು ಎಷ್ಟು ಅಂತ ಈಗ ಬೇಡ. ಅದಕ್ಕೆ ಅ ಅಂತ ಹೆಸರಿಡೋಣ.”

ಅ ಅಂದ ಕೂಡಲೇ ನಾನು ಬಾಗಿಲ ಕಡೆ ನೋಡಿದೆ. ಮೂವತ್ತಾರು ವರ್ಷದ ಗಂಡಸು, ಮೂರು ಮಕ್ಕಳ ತಂದೆ, ಓಡುವುದಕ್ಕೆ ದಾರಿ ಎಷ್ಟಿದೆ ಅಂತ ಕಣ್ಣಲ್ಲೇ ಅಳೆದೆ.

“ನಿಂತ್ಕೊಳ್ಳಿ ಮೇಸ್ತ್ರಿ, ನನ್ನ ಕೈಯಲ್ಲಿ ಕೈವಾರ ಇಲ್ಲ” ಅಂದರು. “ಒಂಬತ್ತರಿಂದ ಗುಣಿಸಿದ್ರಿ, ಒಂಬತ್ತು ಇಟ್ಟಿಗೆ ಆಯ್ತು. ಎಂಟರಿಂದ ಭಾಗಿಸಬೇಕು. ಎಂಟು ಜನಕ್ಕೆ ಸಮನಾಗಿ ಹಂಚಿ, ಎಷ್ಟು ಉಳಿಯುತ್ತೆ?”

“ತಲಾ ಒಂದೊಂದು ಓದ್ರೆ, ಒಂದು ಉಳೀತದೆ.”

“ಆ ಒಂದನ್ನ ಮಾತ್ರ ಎಂಟರಿಂದ ಭಾಗಿಸಿದರೆ ಸಾಕು. ಅ ಎಷ್ಟೇ ಆಗಿರಲಿ. ಒಂಬತ್ತರಿಂದ ಗುಣಿಸಿದರೂ ಅದೇ ಶೇಷ, ಗುಣಿಸದಿದ್ದರೂ ಅದೇ ಶೇಷ.”

ನಾನು ಇಟ್ಟಿಗೆಯನ್ನೇ ನೋಡಿದೆ. ದಿನಾ ಸಾವಿರ ಸಲ ಮುಟ್ಟಿದ ಇಟ್ಟಿಗೆ. ಒಂಬತ್ತರಿಂದ ಗುಣಿಸದೆ ಐನೂರ ತೊಂಬತ್ತನಾಲ್ಕನ್ನೇ ನೆಟ್ಟಗೆ ಭಾಗಿಸಿದ್ದರೆ ಎಂಟೆಂಟ್ಲ ಬರುತ್ತಲೇ ಇರಲಿಲ್ಲ ಅಂತಲೂ ಅವರು ತೋರಿಸಿದರು. ಆಮೇಲೆ ಮಾವನ ನೋಟ್‌ಬುಕ್ಕು ಕೇಳಿದರು. ನಾಲ್ಕು ಹಾಳೆ ತಿರುವಿ, “ಇದರಲ್ಲಿ ಒಂದಾದರೂ ಸಮಸಂಖ್ಯೆ ಇದೆಯಾ ನೋಡಿ” ಅಂದರು. ಇಪ್ಪತ್ತೊಂದು ಹದಿನೇಳು, ಇಪ್ಪತ್ತೈದು ಹತ್ತೊಂಬತ್ತು, ಮೂವತ್ತೊಂದು ಇಪ್ಪತ್ತಮೂರು. ಎಲ್ಲವೂ ಬೆಸ. ಉದ್ದವೂ ಬೆಸ, ಅಗಲವೂ ಬೆಸ ಆದರೆ ಯಾವತ್ತೂ ಒಳ್ಳೆಯ ಆಯವೇ, ಎರಡರಲ್ಲಿ ಒಂದು ಸಮವಾದರೂ ಯಾವತ್ತೂ ಕೆಟ್ಟದ್ದೇ ಅಂತೆ. ಹದಿನಾಲ್ಕು ವರ್ಷ ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ತುಟಿ ಅಲ್ಲಾಡಿಸಿದ್ದೇನೆ, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆನಲ್ಲ, ಬೀಳುವುದು ಹೇಗೆ?

“ಗೂಡು ಪೂರಾ ಕಟ್ಟಿ. ಅಮ್ಮನಿಗೆ ಏನೂ ಹೇಳೋದು ಬೇಡ” ಅಂದರು ಟೀಚರಮ್ಮ. “ನನಗೆ ಆಯದಲ್ಲಿ ನಂಬಿಕೆ ಅಷ್ಟಕ್ಕಷ್ಟೆ. ಆದರೆ ಅವರಿಗಿದೆ. ನಿಮಗೂ ಇದೆ.”

ಗೃಹಪ್ರವೇಶದ ದಿನ ಬಂತು. ನನಗೆ ಪಂಚೆ ಶಲ್ಯ ಕೊಟ್ಟು ಮುಂದೆ ಕೂರಿಸಿದ್ದರು. ಪುರೋಹಿತರು ಹೋಮಕುಂಡಕ್ಕೆ ಹಸಿ ಸೌದೆ ಹಾಕಿದರೋ, ಗಾಳಿಯೇ ತಿರುಗಿತೋ, ಮನೆ ತುಂಬ ಹೊಗೆ. ಅಜ್ಜಮ್ಮನಿಗೆ ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಮುಖ ಕೆಂಪಾಯಿತು, ಕಣ್ಣು ಮೇಲಾಯಿತು. ಆನೆ ಗೀನೆ ಎಲ್ಲ ಮರೆತುಹೋಯಿತು ನನಗೆ. ಮಂತ್ರದ ನಡುವೆ ಎದ್ದು, ಆಕೆಯನ್ನು ಕುರ್ಚಿ ಸಮೇತ ಎತ್ತಿಕೊಂಡು ಬೀದಿಗೆ ಓಡಿದೆ. ಶಾಲೆಯಿಂದ ಓಡಿದ ದಿನ ಬಿಟ್ಟರೆ ಅಷ್ಟು ಜೋರಾಗಿ ನಾನು ಓಡಿದ್ದು ಅವತ್ತೇ. ಬೇವಿನ ಮರದ ಕೆಳಗೆ ಇಳಿಸಿದೆ. ಆಕೆ ನಾಲ್ಕು ಸಲ ಉಸಿರೆಳೆದುಕೊಂಡು, ಸುಧಾರಿಸಿಕೊಂಡು, ಸುತ್ತ ನೆರೆದ ಜನರೆದುರಿಗೇ ನನ್ನ ಕೈ ಹಿಡಿದು ಕೇಳಿದರು: “ಸಿಂಹಾಯ ತಾನೇನಪ್ಪಾ?”

ನಾನು ಇನ್ನೊಂದು ಕೈಯಲ್ಲಿ ಶಲ್ಯದ ತುದಿ ಹಿಡಿದು ಆಕೆಗೆ ಗಾಳಿ ಬೀಸತೊಡಗಿದೆ. ಹಿಂದಿನಿಂದ ಟೀಚರಮ್ಮ ಹೇಳಿದರು: “ಅಲ್ಲಮ್ಮ, ಆನೆ. ಮೊದಲು ಸಿಂಹ ಅಂದಿದ್ರು. ಮತ್ತೆ ಕೂತು ಲೆಕ್ಕ ಮಾಡಿ, ಕಟ್ಟಿದ ಮನೆಗೆ ಗೋಡೆ ಸೇರಿಸಿ ಆನೆ ಮಾಡಿದಾರೆ.”

ಅಜ್ಜಮ್ಮ ನನ್ನ ಮುಖ ನೋಡಿದರು. ಅವರಿಗೆ ಎಷ್ಟು ಅರ್ಥವಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. “ಅದಕ್ಕೇ ಹೇಳು, ನನ್ನನ್ನ ಆನೆ ಎತ್ತಿಕೊಂಡು ಬಂದ ಹಾಗೆ ಎತ್ತಿಕೊಂಡು ಬಂದೆ” ಅಂದರು. ಆಕೆ ಈಗಲೂ ಇದ್ದಾರೆ. ಆ ಗೂಡಿನ ತುಂಬ ಉಪ್ಪಿನಕಾಯಿ ಜಾಡಿ ಜೋಡಿಸಿದ್ದಾರೆ, ಕಡೇ ಸಾಲು ಕೈಗೆ ಎಟುಕುವುದಿಲ್ಲ ಅಂತ ನಾನು ಹೋದಾಗಲೆಲ್ಲ ಬೈಯುತ್ತಾರೆ.

ಅವತ್ತು ಊರಿಗೆ ಹಿಂತಿರುಗುವ ಬಸ್ಸಿನಲ್ಲಿ, ಹಗುರಾದ ಮನಸ್ಸಿಗೆ ಒಂದು ವಿಷಯ ಹೊಕ್ಕು ಮತ್ತೆ ಬೆವರಿದೆ. ಮಾವನ ಪುಸ್ತಕ ಬಿಟ್ಟು ನಾನೇ ಲೆಕ್ಕ ಹಾಕಿ ಆಯ ನೋಡಿದ ಮನೆ ಇನ್ನೊಂದಿತ್ತು. ಹನ್ನೆರಡು ವರ್ಷದ ಹಿಂದೆ ಕಟ್ಟಿದ ನನ್ನ ಸ್ವಂತ ಮನೆ. ಹದಿನೈದು ಅಡಿ ಉದ್ದ, ಹತ್ತು ಅಡಿ ಅಗಲ. ಆಗ ಆನೆ ಬಂದಿತ್ತು, ಊರಿಗೆಲ್ಲ ಬೆಲ್ಲ ಹಂಚಿದ್ದೆ. ಜಗಲಿಯ ಮೇಲೆ ಕೂತು, ಈ ಸಲ ಒಂಬತ್ತರ ತಂಟೆಗೆ ಹೋಗದೆ, ನೂರ ಐವತ್ತನ್ನು ನೆಟ್ಟಗೆ ಎಂಟರಿಂದ ಭಾಗಿಸಿದೆ. ಕೊನೆಗೆ ಎಪ್ಪತ್ತು ನಿಂತಿತು. ಎಂಟೆಂಟ್ಲ ಅರವತ್ನಾಲ್ಕು. ಶೇಷ ಆರು. ಆರು ಅಂದರೆ ಕತ್ತೆ.

ಒಳಗೆ ಹೋಗಿ ಸಾಕಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. “ಅನ್ನೆರ್ಡು ವರ್ಸದಿಂದ ಅದ್ರ ಜತೇಲೇ ಸಂಸಾರ ಮಾಡ್ತಿವ್ನಿ, ನಂಗೊತ್ತಿಲ್ವಾ” ಅಂದಳು. ಒಂದು ಅಡಿ ಗೋಡೆ ಸೇರಿಸಿದರೆ ಆನೆಯಾಗುತ್ತದೆ ಅಂತ ವಿವರಿಸಿದೆ. “ಇರಾದೇ ಅತ್ತಡಿ. ಅದ್ರಲ್ಲಿ ಒಂದಡಿ ನಿಮ್ಮಾನೆಗೆ ಕೊಟ್ರೆ ನಾವೆಲ್ಲಿ ಮನಿಕಳಾದು? ಕತ್ತೇನೇ ಇರ್ಲಿ ಬುಡಿ. ಆನೆ ಸಾಕೋರ್ಯಾರು? ಕತ್ತೆಯಾದ್ರೆ ದುಡೀತದೆ.”

ಗೋಡೆ ಕಟ್ಟಲಿಲ್ಲ. ಹೆದರಿಕೆ ಪೂರ್ತಿ ಹೋಗಿದೆ ಅಂತ ಹೇಳಲಾರೆ, ಎಂಟನ್ನು ಕಂಡರೆ ಈಗಲೂ ಒಂದು ಹೆಜ್ಜೆ ಹಿಂದಕ್ಕಿಡುತ್ತೇನೆ. ಇರಲಿ. ಈಗ ನನ್ನ ಹತ್ತಿರ ಇರುವುದು ಇಷ್ಟು: ಕರಣೆ ಎರಡು, ತೂಕದ ಗುಂಡು ಒಂದು, ಮೂಲೆಮಟ್ಟ ಒಂದು, ಗಂಟು ಹಾಕಿದ ಹಗ್ಗ ಒಂದು, ಮಾವನ ನೋಟ್‌ಬುಕ್ಕು ಒಂದು, ಕಟ್ಟಿದ ಮನೆ ನಲವತ್ತೊಂದು, ಬಿದ್ದದ್ದು ಸೊನ್ನೆ, ಹೆಂಡತಿ ಒಬ್ಬಳು, ಮಕ್ಕಳು ಮೂವರು, ಹದಿನೈದಕ್ಕೆ ಹತ್ತರ ಸ್ವಂತ ಮನೆ ಒಂದು, ಅದರೊಳಗೆ ಕತ್ತೆ ಒಂದು.